ಲಾಬಿಗೊಂದು ಕರ್ತೃಪದ ಬೇಕು

ಸಂಪುಟ ವಿಸ್ತರಣೆಯ ಸುಳಿವು ಸಿಕ್ಕ ಮರುದಿನವೇ ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದು ಕೂರುವ ಪದ ‘ಲಾಬಿ’. ಸಚಿವ ಸ್ಥಾನಕ್ಕೆ ಭಾರೀ ಲಾಬಿ, ಟಿಕೆಟ್‌ಗಾಗಿ ದೆಹಲಿಯಲ್ಲಿ ಲಾಬಿ, ಲಾಬಿಗೆ ಮಣಿದ ಸರ್ಕಾರ. ಮರಳಿಗೊಂದು ಲಾಬಿ, ಗಣಿಗೊಂದು, ಟಿಂಬರಿಗೊಂದು. ಹೋಟೆಲಿನಲ್ಲಿ ಸೋಫಾ ಹಾಕಿರುವ ಹಜಾರಕ್ಕೂ ಇದೇ ಹೆಸರು, ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿಗೆ ಕಾಯುವ ಜಾಗಕ್ಕೂ ಇದೇ. ಅಲ್ಲೆಲ್ಲ ಅದು ಯಾರ ತಂಟೆಗೂ ಹೋಗದ ಪದ. ರಾಜಕೀಯಕ್ಕೆ ಕಾಲಿಟ್ಟ ಕೂಡಲೇ ಅದಕ್ಕೊಂದು ಕಳ್ಳನಡೆ ಅಂಟಿಕೊಳ್ಳುತ್ತದೆ. ‘ಲಾಭ’ದೊಂದಿಗೆ ಅದರ ದನಿ ಕೂಡಿಕೊಳ್ಳುವುದೂ ಅದರ ದುರದೃಷ್ಟ. ಲಾಬಿ ಮಾಡುವವನಿಗೊಂದು ಹೆಸರು ಬೇಕಾದಾಗ ಕೈಗೆ ಸಿಗುವ ಪ್ರತ್ಯಯವೂ ಲಂಚಕೋರ, ಚಾಡಿಕೋರ, ಜಗಳಕೋರರಲ್ಲಿರುವ ‘ಕೋರ’ವೇ ಹೊರತು ಹಾಡುಗಾರನ ‘ಗಾರ’ ಅಲ್ಲ. ಇಷ್ಟೆಲ್ಲ ಸಿಟ್ಟು ತುಂಬಿದ ಈ ವಾಕ್ಯಗಳನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ: ಅವುಗಳಲ್ಲಿ ಕರ್ತೃವೇ ಇಲ್ಲ. ಲಾಬಿ ‘ನಡೆಯುತ್ತದೆ’, ‘ಜೋರಾಗುತ್ತದೆ’, ‘ಕೆಲಸ ಮಾಡುತ್ತದೆ’, ಮಳೆ ಬಂದ ಹಾಗೆ. ಯಾರು, ಯಾರ ಬಳಿ, ಯಾವ ಕಲಮಿಗಾಗಿ, ಎಷ್ಟು ಖರ್ಚು ಮಾಡಿ ಎಂಬುದು ವಾಕ್ಯದ ಹೊಸಿಲಾಚೆಗೇ ಉಳಿಯುತ್ತದೆ. ಪದವನ್ನು ಬೈಗುಳ ಮಾಡಿಕೊಂಡು ನಾವು ಕಳೆದುಕೊಂಡದ್ದು ಇದನ್ನೇ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ಅಮೆರಿಕದ ವಿಮಾನಯಾನ ಉದ್ಯಮವನ್ನು ಕರೆಯುತ್ತೇನೆ. ಅಲ್ಲಿ ಲಾಬಿ ಹಾಡಹಗಲೇ ನಡೆಯುತ್ತದೆ, ಲೆಕ್ಕವನ್ನೂ ಬರೆದಿಡುತ್ತದೆ.

ಪದದ ಹುಟ್ಟು ಸಾಧುವಾದದ್ದೇ. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಅದು ಮಾಡು ಹೊದಿಸಿದ ಓಡಾಟದ ಜಾಗ, ಮಠದೊಳಗಿನ ಪಡಸಾಲೆ. ಇಂಗ್ಲೆಂಡಿನ ಸಂಸತ್ತಿಗೆ ಬಂದಾಗ ಸದಸ್ಯರು ಹೊರಗಿನವರನ್ನು ಕಾಣುವ ಹಜಾರವಾಯಿತು. ಮತ ವಿಭಜನೆಯ ಹೊತ್ತಿಗೆ ‘ಹೌದು’ ಎನ್ನುವವರು ಒಂದರಲ್ಲಿ, ‘ಇಲ್ಲ’ ಎನ್ನುವವರು ಇನ್ನೊಂದರಲ್ಲಿ ಸಾಗಿಹೋಗುವ ಓಣಿಗಳಿಗೂ ಅದೇ ಹೆಸರಾಯಿತು. ಕನ್ನಡ ಇದಕ್ಕೆ ಕೊಟ್ಟ ಪದ ಮೂಲಕ್ಕಿಂತ ಚೆನ್ನಾಗಿದೆ: ಮೊಗಸಾಲೆ. ಮನೆಯ ಮುಖಕ್ಕಿರುವ ಸಾಲೆ. ಯಜಮಾನರನ್ನು ಕಾಣಲು ಬಂದವನು ಅಲ್ಲಿ ಕೂರುತ್ತಾನೆ. ಅವನೀಗ ಬೀದಿಯವನೂ ಅಲ್ಲ, ಒಳಮನೆಯವನೂ ಅಲ್ಲ. ಒಳಗಿನ ಮಾತು ಅರೆಬರೆ ಕಿವಿಗೆ ಬೀಳುತ್ತದೆ, ತನ್ನ ಮಾತನ್ನು ಒಳಗೆ ಕಳಿಸುವ ದಾರಿಯೂ ಇರುತ್ತದೆ. ವಿಧಾನಸಭೆಯ ವರದಿಗಳಲ್ಲಿ ಶಾಸಕರು ಇಂದಿಗೂ ಮೊಗಸಾಲೆಯಲ್ಲಿ ಹರಟುತ್ತಾರೆ. ಅದೇ ಹರಟೆ ಯಾರದೋ ಹಿತಕ್ಕೆ ಹೊರಳಿದರೆ ಮಾತ್ರ ಅದು ಲಾಬಿ. ಒಂದೇ ಜಾಗಕ್ಕೆ ಎರಡು ಹೆಸರಿಟ್ಟು ದೇಸಿ ಹೆಸರಿಗೆ ಮರ್ಯಾದೆಯನ್ನೂ ಎರವಲು ಹೆಸರಿಗೆ ಕೆಸರನ್ನೂ ಹಂಚಿದ್ದೇವೆ. ಲೋಕಸಭೆಯಲ್ಲಿ ಮತ ವಿಭಜನೆಗೆ ಮುನ್ನ ಲಾಬಿಗಳನ್ನು ತೆರವು ಮಾಡುವಂತೆ ಸ್ಪೀಕರ್ ಹೇಳುತ್ತಾರೆ, ಮೂರೂವರೆ ನಿಮಿಷ ಗಂಟೆ ಹೊಡೆಯುತ್ತದೆ, ಆಮೇಲೆ ಬಾಗಿಲು ಮುಚ್ಚುತ್ತದೆ. ಮತ ಎಣಿಸುವಾಗ ಮೊಗಸಾಲೆ ಖಾಲಿಯಿರಬೇಕೆಂದು ನಿಯಮ ಮಾಡಿದವರಿಗೆ, ಮಿಕ್ಕ ಹೊತ್ತು ಅದು ಖಾಲಿಯಿರುವುದಿಲ್ಲವೆಂದು ಚೆನ್ನಾಗಿ ಗೊತ್ತಿತ್ತು.

ಲಾಬಿ ಮಾಡುವ ಕಸುಬಿಗೆ ಆ ಹೆಸರು ಬಂದದ್ದು ವಾಷಿಂಗ್ಟನ್ನಿನ ವಿಲ್ಲರ್ಡ್ ಹೋಟೆಲಿನ ಹಜಾರದಲ್ಲಿ, ಅಧ್ಯಕ್ಷ ಗ್ರಾಂಟ್ ಸಿಗಾರು ಸೇದಲು ಬಂದಾಗ ಅಹವಾಲುದಾರರು ಮುತ್ತಿಕೊಳ್ಳುತ್ತಿದ್ದುದರಿಂದ ಎಂಬ ಕತೆಯಿದೆ. ಕತೆ ಸುಳ್ಳು, ಗ್ರಾಂಟ್ 1869ರಲ್ಲಿ ಅಧ್ಯಕ್ಷರಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಪದ ಚಾಲ್ತಿಯಲ್ಲಿತ್ತು. ಅಮೆರಿಕ ಮಾಡಿದ ನಿಜವಾದ ಕೆಲಸ ಆ ಪದಕ್ಕೆ ಒಂದು ಅರ್ಜಿ ನಮೂನೆ ಹೊಲಿದು ಕೊಟ್ಟದ್ದು. 1946ರ ಮೊದಲ ಕಾಯ್ದೆ ಜೊಳ್ಳಾಗಿತ್ತು, 1995ರದು ಗಟ್ಟಿಯಾಯಿತು, 2007ರ ತಿದ್ದುಪಡಿಯ ನಂತರ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಆ ನಮೂನೆಯನ್ನು ಒಮ್ಮೆ ನೋಡಬೇಕು. ಕಕ್ಷಿದಾರ ಯಾರು, ದುಡ್ಡೆಷ್ಟು (ಹತ್ತು ಸಾವಿರ ಡಾಲರಿನ ಲೆಕ್ಕಕ್ಕೆ ಸರಿಹೊಂದಿಸಿ), ವಿಷಯದ ಸಂಕೇತವೇನು (ವಿಮಾನಯಾನಕ್ಕೆ ‘ಎವಿಐ’ ಎಂಬ ಮೂರಕ್ಷರ), ಯಾವ ಮಸೂದೆ, ಯಾವ ಸದನ ಅಥವಾ ಇಲಾಖೆ, ಮಾತಾಡಲು ಹೋದವರ ಹೆಸರೇನು. ನಮ್ಮ ಶೀರ್ಷಿಕೆಗಳಲ್ಲಿ ಬಿಟ್ಟುಹೋದ ಕರ್ತೃ, ಕರ್ಮ, ಕರಣಗಳನ್ನೆಲ್ಲ ಸರ್ಕಾರಿ ನಮೂನೆಯೊಂದು ಹೆಚ್ಚುಕಡಿಮೆ ತುಂಬಿಸಿಕೊಳ್ಳುತ್ತದೆ. ಒಂದು ಮನೆಯನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದಾರೆ: ಯಾವ ಸದಸ್ಯರನ್ನು ಕಂಡಿರಿ ಎಂದು ಅದು ಕೇಳುವುದಿಲ್ಲ. ನಮೂನೆಯನ್ನು ಮಾಡಿದವರು ಆ ಸದಸ್ಯರೇ.

ಹೀಗೆ ದಾಖಲಾಗುವ ಲಾಬಿ ಹತ್ತಿರದಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಸಂಸತ್ ಭವನದಿಂದ ಹೊರಟು ಪೊಟೊಮ್ಯಾಕ್ ನದಿ ದಾಟಿದರೆ ಅದೇ. ದೂರದ ವಿಮಾನಗಳೆಲ್ಲ ಊರಾಚೆಯ ಡಲ್ಲಸ್ ನಿಲ್ದಾಣಕ್ಕೆ ಹೋಗಲಿ ಎಂದು 1966ರಿಂದ ಇದಕ್ಕೊಂದು ಬೇಲಿ ಹಾಕಿದ್ದಾರೆ. ಈಗಿನ ಬೇಲಿ 1,250 ಮೈಲಿ, ಎಂದರೆ ಸುಮಾರು 2,000 ಕಿಲೋಮೀಟರ್. ಅದರಾಚೆಗೆ ನೇರ ವಿಮಾನ ಬೇಕಿದ್ದರೆ ಸಂಸತ್ತೇ ವಿನಾಯಿತಿ ಕೊಡಬೇಕು. (ಬೆಂಗಳೂರಿನವರಿಗೆ ಇದು ತೀರ ಹೊಸತಲ್ಲ. ಕೆಂಪೇಗೌಡ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರಿನೊಳಗೆ 25 ವರ್ಷ ಇನ್ನೊಂದು ನಿಲ್ದಾಣ ಬೆಳೆಯದಂತೆ ಹಾಕಿದ ಗೆರೆ ಇದ್ದೇ ಇದೆ.) 2000ದಲ್ಲಿ, 2003ರಲ್ಲಿ, 2012ರಲ್ಲಿ, ವಿಮಾನಯಾನ ಕಾಯ್ದೆ ನವೀಕರಣಕ್ಕೆ ಬಂದಾಗಲೆಲ್ಲ ಬೇಲಿಯ ಒಂದೊಂದು ಗಳ ಕಿತ್ತರು. 2023ರಲ್ಲಿ ಮತ್ತೆ ಆ ಹೊತ್ತು ಬಂತು. ಬೇಲಿ ಸಡಿಲಿಸಿ ಎಂದದ್ದು ಡೆಲ್ಟಾ ಏರ್‌ಲೈನ್ಸ್ ಬೆಂಬಲದ ಒಕ್ಕೂಟ. ಬೇಡ ಎಂದದ್ದು ಯುನೈಟೆಡ್ ಏರ್‌ಲೈನ್ಸ್. ಡಲ್ಲಸ್ ಅದರ ಕೋಟೆ. ಕೆಳಮನೆಯಲ್ಲಿ ತಿದ್ದುಪಡಿ ತಂದವರ ಪೈಕಿ ಒಬ್ಬರು ಯೂಟಾದ ರಿಪಬ್ಲಿಕನ್ ಬರ್ಜೆಸ್ ಓವೆನ್ಸ್, ಇನ್ನೊಬ್ಬರು ಜಾರ್ಜಿಯಾದ ಡೆಮಾಕ್ರಟ್ ಹ್ಯಾಂಕ್ ಜಾನ್ಸನ್. ಮಿಕ್ಕೆಲ್ಲದರಲ್ಲಿ ಎಣ್ಣೆ-ಸೀಗೇಕಾಯಿಯಂತಿರುವ ಪಕ್ಷಗಳು ಇಲ್ಲಿ ಕೂಡಿದ್ದಕ್ಕೆ ಭೂಗೋಳದಲ್ಲೇ ವಿವರಣೆಯಿದೆ: ಡೆಲ್ಟಾದ ಪ್ರಧಾನ ಕಚೇರಿ ಜಾರ್ಜಿಯಾದ ಅಟ್ಲಾಂಟಾದಲ್ಲಿ, ಅದರ ದೊಡ್ಡ ನೆಲೆಗಳಲ್ಲೊಂದು ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ. ಜುಲೈನಲ್ಲಿ ಕೆಳಮನೆ ಆ ತಿದ್ದುಪಡಿಯನ್ನು ತಿರಸ್ಕರಿಸಿತು. ಸತ್ತಿತು ಎಂದುಕೊಂಡದ್ದು ಮರುವರ್ಷ ಎರಡೂ ಸದನಗಳ ರಾಜಿ ಮಸೂದೆಯಲ್ಲಿ ಎದ್ದು ಕೂತಿತು. 2024ರ ಮೇ 16ರಂದು ಸಹಿಯಾದ ಕಾಯ್ದೆಯಲ್ಲಿ ಹೋಗಿಬರುವ ಐದು ಹೊಸ ವಿಮಾನಗಳಿಗೆ ಜಾಗ ಸಿಕ್ಕಿತು. ಏರ್‌ಲೈನ್‌ಗಳ ನಡುವಿನ ಹಂಚಿಕೆಯಲ್ಲಿ ಅಲಾಸ್ಕಾಗೆ ಸ್ಯಾನ್ ಡಿಯಾಗೊ, ಅಮೆರಿಕನ್‌ಗೆ ಸ್ಯಾನ್ ಆಂಟೋನಿಯೊ, ಡೆಲ್ಟಾಗೆ ಸಿಯಾಟಲ್, ಸೌತ್‌ವೆಸ್ಟ್‌ಗೆ ಲಾಸ್ ವೇಗಸ್, ಬೇಡವೆಂದಿದ್ದ ಯುನೈಟೆಡ್‌ಗೂ ಸ್ಯಾನ್ ಫ್ರಾನ್ಸಿಸ್ಕೊ. ಹಬ್ಬದೂಟದ ಎಲೆಯ ಹಾಗೆ ಎಲ್ಲರಿಗೂ ಒಂದೊಂದು ಹೋಳಿಗೆ.

ನಮ್ಮ ‘ಲಾಬಿಗೆ ಮಣಿದ ಸರ್ಕಾರ’ ಎಂಬ ವಾಕ್ಯ ಈ ಕತೆಯ ಮುಂದೆ ಸೋಲುತ್ತದೆ. ಆ ವಾಕ್ಯದ ಪ್ರಕಾರ ಹೊರಗಿನಿಂದೊಂದು ಒತ್ತಡ, ಒಳಗೊಬ್ಬ ದುರ್ಬಲ. ಇಲ್ಲಿ ಒತ್ತುವವರು ಇಬ್ಬರು, ಎದುರುಬದುರು. ಒಳಗಿರುವವನೂ ಬರಿಯ ತೀರ್ಪುಗಾರನಲ್ಲ. ವಾರಾಂತ್ಯಕ್ಕೆ ಊರಿಗೆ ಹಾರುವ ಸಂಸದ ಆ ನಿಲ್ದಾಣದ ಗಿರಾಕಿ. ಸಂಸದರಿಗೆಂದೇ ಅಲ್ಲಿ ಕಾರು ನಿಲ್ಲಿಸುವ ಜಾಗ ಮೀಸಲಿಟ್ಟದ್ದು ಹಿಂದೊಮ್ಮೆ ಸೆನೆಟ್ಟಿನಲ್ಲೇ ಜಗಳಕ್ಕೆ ಕಾರಣವಾಗಿತ್ತು. ವರ್ಜೀನಿಯಾ, ಮೇರಿಲ್ಯಾಂಡ್‌ಗಳ ಸೆನೆಟರುಗಳು ಮಾತ್ರ ಅಲ್ಲಿ ಈಗಾಗಲೇ ದಟ್ಟಣೆ ವಿಪರೀತ, ಸುರಕ್ಷತೆಗೆ ಕುತ್ತು ಎಂದು ಎಚ್ಚರಿಸಿದ್ದರು. 2025ರ ಜನವರಿ 29ರ ರಾತ್ರಿ ಅದೇ ನಿಲ್ದಾಣದ ಬಳಿ ಸೇನೆಯ ಹೆಲಿಕಾಪ್ಟರ್ ಮತ್ತು ಪ್ರಯಾಣಿಕರ ವಿಮಾನ ಡಿಕ್ಕಿಯಾಗಿ 67 ಜನ ಸತ್ತರು. ಆ ವಿಮಾನ ಬಂದದ್ದು ಬೇಲಿಯೊಳಗಿನ ವಿಚಿಟಾದಿಂದ. ಆ ಸಾವುಗಳನ್ನು ಐದು ಹೊಸ ವಿಮಾನಗಳ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಎಷ್ಟು ವಿಮಾನ ಇಳಿಯಬಹುದು ಎಂಬ ಲೆಕ್ಕ ರನ್‌ವೇಯಲ್ಲಿ ಆಗದೆ ಮೊಗಸಾಲೆಯಲ್ಲಿ ಆಗುತ್ತಿತ್ತು ಎಂಬುದಂತೂ ದಾಖಲೆಯಲ್ಲಿದೆ.

ದುಡ್ಡಿದ್ದವರು ಯಾವಾಗಲೂ ಗೆಲ್ಲುವುದಿಲ್ಲವಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಸರಿಯೇ. ಕೆಳಮನೆಯ ಸಾರಿಗೆ ಸಮಿತಿಯ ಅಧ್ಯಕ್ಷ ಬಿಲ್ ಶೂಸ್ಟರ್ 2016ರಲ್ಲೂ 2017ರಲ್ಲೂ ವಾಯು ಸಂಚಾರ ನಿಯಂತ್ರಣವನ್ನು ಸರ್ಕಾರದಿಂದ ಬಿಡಿಸಿ ಲಾಭರಹಿತ ನಿಗಮಕ್ಕೆ ಒಪ್ಪಿಸುವ ಮಸೂದೆ ತಂದರು. ಹೆಚ್ಚಿನ ದೊಡ್ಡ ಏರ್‌ಲೈನ್‌ಗಳ ಸಂಘ ‘ಏರ್‌ಲೈನ್ಸ್ ಫಾರ್ ಅಮೆರಿಕ’ ಅದರ ಹಿಂದಿತ್ತು, ನಿಯಂತ್ರಕರ ಒಕ್ಕೂಟವೂ ಒಪ್ಪಿತ್ತು, ಅಧ್ಯಕ್ಷ ಟ್ರಂಪ್ ಕೂಡ ಬೆನ್ನು ತಟ್ಟಿದ್ದರು. ಆದರೂ 2018ರ ಫೆಬ್ರವರಿಯಲ್ಲಿ ಶೂಸ್ಟರ್ ಕೈಚೆಲ್ಲಿದರು. ಸೋಲಿಸಿದವರು ಯಾರು? ಟಿಕೆಟ್ ಕೊಂಡು ಕೂರುವ ಪ್ರಯಾಣಿಕರಂತೂ ಅಲ್ಲ. ಖಾಸಗಿ ಜೆಟ್ ಮತ್ತು ಸಣ್ಣ ವಿಮಾನಗಳ ಮಾಲೀಕರ ಸಂಘಗಳು. ನಿಗಮದ ಆಡಳಿತ ಏರ್‌ಲೈನ್‌ಗಳ ಕೈಸೇರುತ್ತದೆ, ಶುಲ್ಕ ತಮ್ಮ ತಲೆಗೆ ಬೀಳುತ್ತದೆ ಎಂಬ ಭಯ ಅವರದು. ಅವರ ಸದಸ್ಯರು ಪ್ರತಿ ಸಂಸದನ ಕ್ಷೇತ್ರದಲ್ಲೂ ಇದ್ದರು. ದುಡ್ಡಿಗೆ ಮಿತಿಯಿದೆ ಎಂದು ಈ ಪ್ರಸಂಗ ತೋರಿಸುತ್ತದೆ, ಒಪ್ಪೋಣ. ಮೊಗಸಾಲೆಯಲ್ಲಿ ಕೂತವನನ್ನು ಸೋಲಿಸಲು ಇನ್ನೊಬ್ಬ ಅಲ್ಲೇ ಬಂದು ಕೂರಬೇಕು ಎಂದೂ ತೋರಿಸುತ್ತದೆ. ಸಂಸತ್ತು ಬಿಟ್ಟ ಮೇಲೆ ಶೂಸ್ಟರ್ ಲಾಬಿ ವ್ಯವಹಾರದ ದೊಡ್ಡ ಕಾನೂನು ಸಂಸ್ಥೆಯೊಂದನ್ನು ಸೇರಿದರು. 2025ರಲ್ಲಿ ಏರ್‌ಲೈನ್‌ಗಳ ಸಂಘದ ಮುಖ್ಯಸ್ಥರಾಗಿ ಬಂದವರು ನ್ಯೂ ಹ್ಯಾಂಪ್‌ಶೈರ್‌ನ ಮಾಜಿ ಗವರ್ನರ್ ಕ್ರಿಸ್ ಸುನುನು. ಒಳಮನೆಯಿಂದ ಮೊಗಸಾಲೆಗೆ ಎಷ್ಟು ಹೆಜ್ಜೆ ಎಂದು ಅಳೆದು ನೋಡಿದವರಿಗೇ ಅಲ್ಲಿ ಬೇಡಿಕೆ ಹೆಚ್ಚು.

ಇನ್ನೊಂದು ಉದಾಹರಣೆ ಪದದ ಬಗೆಗಿನ ನಮ್ಮ ಪಕ್ಷಪಾತವನ್ನೇ ಕೆಣಕುತ್ತದೆ. 2009ರ ಫೆಬ್ರವರಿ 12ರಂದು ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತರು. ಸತ್ತವರ ಮನೆಯವರು ಗುಂಪು ಕಟ್ಟಿಕೊಂಡು ವಾಷಿಂಗ್ಟನ್ನಿಗೆ ಎಡತಾಕಿದರು, ಕಚೇರಿಯಿಂದ ಕಚೇರಿಗೆ ಅಲೆದರು. 2010ರ ಆಗಸ್ಟಿನಲ್ಲಿ ಕಾಯ್ದೆ ಬಂತು; ಏರ್‌ಲೈನಿನ ಸಹಪೈಲಟ್ ಆಗುವವರಿಗೂ ಸಾಮಾನ್ಯವಾಗಿ 1,500 ಗಂಟೆ ಹಾರಾಟದ ಅನುಭವ ಕಡ್ಡಾಯವಾಯಿತು. ಅಂದಿನಿಂದ ಸಣ್ಣ ಮಾರ್ಗಗಳ ಏರ್‌ಲೈನ್‌ಗಳು ಅದನ್ನು ಸಡಿಲಿಸಲು ಕೇಳುತ್ತಲೇ ಇವೆ, ಆ ಕುಟುಂಬಗಳು ಅಡ್ಡ ನಿಲ್ಲುತ್ತಲೇ ಇವೆ. 2024ರ ಕಾಯ್ದೆಯೂ ನಿಯಮವನ್ನು ಮುಟ್ಟಲಿಲ್ಲ. ಇದನ್ನು ಕನ್ನಡದಲ್ಲಿ ಬರೆಯುವಾಗ ಏರ್‌ಲೈನ್‌ಗಳದು ‘ಲಾಬಿ’, ಕುಟುಂಬಗಳದು ‘ಹೋರಾಟ’ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಮಾಡಿದ ಕೆಲಸ ಒಂದೇ. ಇನ್ನೂ ಕಸಿವಿಸಿಯ ಸಂಗತಿಯೆಂದರೆ, ಅಪಘಾತಕ್ಕೀಡಾದ ಇಬ್ಬರು ಪೈಲಟ್‌ಗಳಿಗೂ 1,500 ಗಂಟೆಗಿಂತ ಹೆಚ್ಚಿನ ಅನುಭವವಿತ್ತು ಎಂಬ ಏರ್‌ಲೈನ್‌ಗಳ ವಾದ ನಿಜ; ಕುಟುಂಬಗಳ ಜೊತೆ ನಿಂತ ಪೈಲಟ್‌ಗಳ ಒಕ್ಕೂಟಕ್ಕೆ, ಪೈಲಟ್‌ಗಳ ಕೊರತೆಯಾದರೆ ಸಂಬಳ ಏರುತ್ತದೆ ಎಂಬ ತನ್ನದೇ ಹಿತವೂ ಇದೆ. ‘ಲಾಬಿ’ ಎಂದು ಉಗುಳಿ ಮುಂದೆ ಹೋದರೆ ಇದ್ಯಾವುದನ್ನೂ ತೂಗಬೇಕಾಗಿಲ್ಲ. ಆದರೆ ಎರಡೂ ಲಾಬಿಗಳೇ ಎಂದೊಪ್ಪಿದರೆ ಸಮಾನ ಎಂದಾಯಿತಲ್ಲ ಎಂದರೆ, ಇಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಹನ್ನೊಂದನೆಯ ದಿನಕ್ಕೆ ಏರ್‌ಲೈನ್‌ಗಳಿಗೆ 500 ಕೋಟಿ ಡಾಲರ್ ನೇರ ನೆರವು, 1,000 ಕೋಟಿ ಡಾಲರ್‌ವರೆಗೆ ಸಾಲ ಖಾತರಿ ಕೊಡುವ ಕಾಯ್ದೆಗೆ ಸಹಿ ಬಿದ್ದಿತ್ತು. ಆಕಾಶವನ್ನು ಮುಚ್ಚಿಸಿದ್ದು ಸರ್ಕಾರವೇ ಆದ್ದರಿಂದ ಆ ನೆರವಿನಲ್ಲಿ ನ್ಯಾಯವೂ ಇತ್ತು. ಬಫಲೊದ ಕುಟುಂಬಗಳಿಗೆ ಹಿಡಿದದ್ದು ಸುಮಾರು ಹದಿನೆಂಟು ತಿಂಗಳು. ಕೆಲಸ ಒಂದೇ ಎಂದು ಒಪ್ಪಿದ ಮೇಲಷ್ಟೇ ಈ ಅಂತರವನ್ನು ಅಳೆಯಲು ಬರುತ್ತದೆ.

ನಮ್ಮಲ್ಲಿ ಅಳೆಯುವ ಕೋಲೇ ಇಲ್ಲ. ಐದು ವರ್ಷ ದೇಶದೊಳಗೆ ಹಾರಿ, 20 ವಿಮಾನ ಹೊಂದಿದ ಮೇಲಷ್ಟೇ ವಿದೇಶಕ್ಕೆ ಎಂಬ ‘5/20’ ನಿಯಮವನ್ನು ಉಳಿಸಿಕೊಳ್ಳಲು ಹಳೆಯ ಏರ್‌ಲೈನ್‌ಗಳು ಪಟ್ಟು ಹಿಡಿದಿದ್ದವು. ತೆಗೆಸಲು ವಿಸ್ತಾರಾ ಮತ್ತು ನಮ್ಮ ಬೆಂಗಳೂರಿನಲ್ಲಿ ನೆಲೆಯಿದ್ದ ಏರ್‌ಏಷ್ಯಾ ಇಂಡಿಯಾ. ಹಳಬರು ತಮ್ಮ ರಕ್ಷಣೆಗಾಗಿ ಲಾಬಿ ಮಾಡುತ್ತಿದ್ದಾರೆ ಎಂದು 2016ರ ಫೆಬ್ರವರಿಯಲ್ಲಿ ರತನ್ ಟಾಟಾ ಬಹಿರಂಗವಾಗಿಯೇ ದೂರಿದರು. ಜೂನಿನಲ್ಲಿ ಬಂದ ನೀತಿಯಲ್ಲಿ ‘5’ ಹೋಯಿತು, ‘20’ ಉಳಿಯಿತು. ಯಾರು ಯಾರನ್ನು ಎಷ್ಟು ಸಲ ಕಂಡರು ಎಂಬುದಕ್ಕೆ ಎರಡೂ ಕಡೆಯಿಂದ ಒಂದು ಚೀಟಿಯೂ ದಾಖಲೆಗೆ ಬರಲಿಲ್ಲ, ಬರಬೇಕೆಂಬ ಕಾನೂನೂ ಇರಲಿಲ್ಲ. ಅದಕ್ಕೆ ಮೂರೂವರೆ ವರ್ಷ ಮೊದಲು, 2012ರ ಡಿಸೆಂಬರಿನಲ್ಲಿ, ವಾಲ್‌ಮಾರ್ಟ್ ಲಾಬಿಗೆ ದುಡ್ಡು ಸುರಿದಿದೆ ಎಂದು ನಮ್ಮ ಸಂಸತ್ತು ಹೊತ್ತಿ ಉರಿದಿತ್ತು. ನಿವೃತ್ತ ನ್ಯಾಯಮೂರ್ತಿಯೊಬ್ಬರ ವಿಚಾರಣಾ ಸಮಿತಿಯೂ ಆಯಿತು. ಆ ಸುದ್ದಿ ಹೊರಬಂದದ್ದು ಯಾವ ಗುಪ್ತ ಕಡತದಿಂದಲೂ ಅಲ್ಲ, ಕಂಪನಿ ವಾಷಿಂಗ್ಟನ್ನಿನಲ್ಲಿ ತಾನೇ ತುಂಬಿ ಕೊಟ್ಟ ಆ ತ್ರೈಮಾಸಿಕ ನಮೂನೆಗಳಿಂದ. ಅಲ್ಲಿ ಲೆಕ್ಕಪತ್ರವಾಗಿದ್ದ ಪದ ಸಮುದ್ರ ದಾಟಿ ಬರುವಷ್ಟರಲ್ಲಿ ಲಂಚವಾಗಿತ್ತು.

ನೋಂದಣಿ ಮಾಡಿಸಿದರೆ ವಶೀಲಿಗೆ ಸರ್ಕಾರಿ ಮೊಹರು ಬಿದ್ದಂತಾಗುತ್ತದೆ ಎಂಬ ಹೆದರಿಕೆ ಪೊಳ್ಳಲ್ಲ. ಅಮೆರಿಕದ ನಮೂನೆ ಯಾರನ್ನೂ ತಡೆದಿಲ್ಲ. ಆದರೆ ಡೆಲ್ಟಾ, ಯುನೈಟೆಡ್‌ಗಳ ಜಗಳವನ್ನು ಹೆಸರು, ತಿಂಗಳು, ಕ್ಷೇತ್ರಗಳ ಸಮೇತ ಇಲ್ಲಿ ಬರೆಯಲು ಸಾಧ್ಯವಾದದ್ದು ಅಲ್ಲಿನ ಬಹಿರಂಗದ ಅಭ್ಯಾಸದಿಂದ. ‘5/20’ರ ಬಗ್ಗೆ ಅದೇ ವಿವರದಲ್ಲಿ ಬರೆಯಲಾಗದ್ದು ಇಲ್ಲಿನ ಮುಚ್ಚುಮರೆಯಿಂದ. ಲಾಬಿ ಚಟುವಟಿಕೆಗಳನ್ನು ಬಹಿರಂಗಪಡಿಸಬೇಕೆಂದು ಒಡಿಶಾದ ಸಂಸದ ಕಲಿಕೇಶ್ ನಾರಾಯಣ್ ಸಿಂಗ್ ದೇವ್ 2013ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ. ಕಾಯ್ದೆ ಬರುವವರೆಗೂ ಕಾಯಬೇಕಿಲ್ಲದ ಒಂದು ಕೆಲಸ ಮಾತ್ರ ನಮ್ಮ ಸುದ್ದಿಮನೆಗಳ ಕೈಯಲ್ಲೇ ಇದೆ. ‘ಭಾರೀ ಲಾಬಿ ನಡೆದಿದೆ’ ಎಂಬ ವಾಕ್ಯ ಡೆಸ್ಕಿಗೆ ಬಂದಾಗ ಉಪಸಂಪಾದಕರು ಅದನ್ನು ವರದಿಗಾರರಿಗೆ ವಾಪಸು ಕಳಿಸಲಿ, ಕರ್ತೃಪದ ಸೇರಿಸಿಕೊಂಡು ಬನ್ನಿ ಎಂದು.