ಸ್ಪೀಕರ್‌ನಲ್ಲಿ ‘ಗುಂಯ್’ ಸದ್ದು: ದುಬಾರಿ ಯುಎಸ್‌ಬಿ ಕೇಬಲ್ ಬೇಕೆ? ಮೂರನೇ ಪಿನ್ ತೆಗೆಯಬಹುದೇ?

ಕಂಪ್ಯೂಟರ್‌ನ ಡಿಜಿಟಲ್ ಹಾಡನ್ನು ಸ್ಪೀಕರ್‌ಗೆ ಬೇಕಾದ ವಿದ್ಯುತ್ ಅಲೆಯಾಗಿ ಬದಲಿಸುವ ಪುಟ್ಟ ಪೆಟ್ಟಿಗೆಯೇ ‘ಡ್ಯಾಕ್’. ಅದನ್ನು ಯುಎಸ್‌ಬಿಗೆ ಜೋಡಿಸಿದಾಗ ಕೆಲವರ ಮನೆಯಲ್ಲಿ ಹಾಡಿನ ಜೊತೆಗೆ ‘ಗುಂಯ್’ ಎಂಬ ಸದ್ದೂ ಬರುತ್ತದೆ. ಇದಕ್ಕೆ ಎರಡು ಉಪಾಯ ಹೇಳುವವರಿದ್ದಾರೆ: ದುಬಾರಿ ಕೇಬಲ್ ತನ್ನಿ, ಇಲ್ಲವೇ ಪ್ಲಗ್ಗಿನ ಮೂರನೇ ಪಿನ್ ತೆಗೆಯಿರಿ. ಮೊದಲನೆಯದರಿಂದ ಹಣ ದಂಡ, ಎರಡನೆಯದರಿಂದ ಜೀವಕ್ಕೇ ಅಪಾಯ.

ದುಬಾರಿ ಕೇಬಲ್‌ನಿಂದ ಸದ್ದು ಹೋಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಯುಎಸ್‌ಬಿ 2.0 ಕೇಬಲ್‌ನಲ್ಲಿ ನಾಲ್ಕು ತಂತಿಗಳಿವೆ: ಎರಡು ಮಾಹಿತಿಗೆ, ಒಂದು 5 ವೋಲ್ಟ್‌ಗೆ, ಇನ್ನೊಂದು ಗ್ರೌಂಡ್. ಹಾಡು ಸಾಗುವುದು 0 ಮತ್ತು 1ರ ರೂಪದಲ್ಲಿ. ಅದು ದಾರಿಯಲ್ಲಿ ಕೆಟ್ಟರೆ ‘ಚಟ್’ ಎನ್ನುತ್ತದೆ ಅಥವಾ ಹಾಡು ತುಂಡಾಗುತ್ತದೆ. ಒಂದೇ ಸಮನೆ ಗುಂಯ್‌ಗುಡುವುದಿಲ್ಲ. ಆ ಸದ್ದು ಬರುವುದು ಉಳಿದೆರಡು ತಂತಿಗಳ ದಾರಿಯಿಂದ. 5 ಮೀಟರ್ ಒಳಗಿನ, ಸರಿಯಾಗಿ ತಯಾರಾದ ಸಾಧಾರಣ ಕೇಬಲ್ ಸಾಕು.

ಹಾಗಾದರೆ ಸದ್ದು ಎಲ್ಲಿಂದ?

ನಿರ್ಣಾದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಸ್. ಕಂಪ್ಯೂಟರ್ ಒಂದು ಸಾಕೆಟ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿದ್ದರೆ ಅವುಗಳ ಅರ್ಥಿಂಗ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರಬಹುದು. ಆಗ ಯುಎಸ್‌ಬಿಯ ಗ್ರೌಂಡ್ ಮತ್ತು ಆಡಿಯೊ ಕೇಬಲ್ ಮೂಲಕ ಕರೆಂಟು ಸುತ್ತು ಹೊಡೆಯುತ್ತದೆ. ಇದೇ ‘ಗ್ರೌಂಡ್ ಲೂಪ್’. ಮೌಸ್ ಆಡಿಸಿದಾಗ ಸದ್ದು ಬದಲಾದರೆ, ಕಂಪ್ಯೂಟರ್‌ ಒಳಗಿನ ವಿದ್ಯುತ್ ಗದ್ದಲವೂ ಅದೇ ದಾರಿಯಲ್ಲಿ ಬರುತ್ತಿದೆ ಎಂದರ್ಥ.

ಮೂರನೇ ಪಿನ್ ಏಕೆ ತೆಗೆಯಬಾರದು?

ತೆಗೆದರೆ ಸುತ್ತು ತುಂಡಾಗಿ ಸದ್ದು ನಿಲ್ಲಬಹುದು. ಉಪಾಯ ‘ಫಲಿಸಿತು’ ಎಂದು ಜನ ನಂಬುವುದು ಇದಕ್ಕೇ. ಆದರೆ ಉಪಕರಣದೊಳಗೆ ತಂತಿ ಸಡಿಲಗೊಂಡು ಲೋಹದ ಮೈಗೆ ತಾಗಿದರೆ, ಕರೆಂಟು ನೆಲಕ್ಕೆ ಇಳಿಯಲು ದಾರಿ ಇರುವುದಿಲ್ಲ. ಫ್ಯೂಸ್ ಹೋಗುವುದಿಲ್ಲ, ಮುಟ್ಟಿದವರ ದೇಹವೇ ದಾರಿಯಾಗುತ್ತದೆ.

ಏನು ಮಾಡಬೇಕು?

1. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಹಾಡು ಹಚ್ಚಿ. ಸದ್ದು ನಿಂತರೆ ಅದು ಬರುತ್ತಿದ್ದದ್ದು ಚಾರ್ಜರ್, ಅರ್ಥಿಂಗ್ ದಾರಿಯಿಂದ.

2. ಕಂಪ್ಯೂಟರ್, ಡ್ಯಾಕ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಖರ್ಚಿಲ್ಲದ ಮದ್ದು ಇದು.

3. ಬೇರೆ ಯುಎಸ್‌ಬಿ ಪೋರ್ಟ್ ಪ್ರಯತ್ನಿಸಿ. ಆಡಿಯೊ ಕೇಬಲ್ ಕರೆಂಟ್ ವೈರಿನಿಂದ ದೂರವಿರಲಿ.

4. ಎರಡೂ ಕಡೆ ಆಪ್ಟಿಕಲ್ ಕಿಂಡಿ ಇದ್ದರೆ ಯುಎಸ್‌ಬಿ ಬದಲು ಅದನ್ನೇ ಬಳಸಿ. ಅಲ್ಲಿ ಸಾಗುವುದು ಬೆಳಕು; ಕರೆಂಟಿಗೆ ದಾರಿಯೇ ಇಲ್ಲ.

5. ಕೊನೆಗೆ, ‘ಯುಎಸ್‌ಬಿ ಐಸೊಲೇಟರ್’. ಅಗ್ಗದ ಹಲವು ಐಸೊಲೇಟರ್‌ಗಳ ವೇಗ ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ. ಸಿಡಿ ಗುಣಮಟ್ಟದ ಹಾಡಿಗೆ ಬೇಕಾದದ್ದು ಸುಮಾರು 1.4 ಮೆಗಾಬಿಟ್, ಹಾಗಾಗಿ ಅದು ಸಾಕು. ಆದರೆ ಹೆಚ್ಚಿನ ವೇಗ ಬೇಡುವ ಡ್ಯಾಕ್‌ಗಳು ಅದರಲ್ಲಿ ನಡೆಯದೇ ಇರಬಹುದು. ಕೊಳ್ಳುವ ಮೊದಲು ನೋಡಿಕೊಳ್ಳಿ.

ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ‘ಜುಮ್’ ಎಂದರೆ ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಪರೀಕ್ಷಿಸಿ. ಬೀದರ್ ಕಡೆಯ ಬೇಸಿಗೆಯಲ್ಲಿ ನೆಲ ಒಣಗಿದಷ್ಟೂ ಅರ್ಥಿಂಗ್ ದುರ್ಬಲವಾಗುತ್ತದೆ. ಅದರ ಗುಂಡಿಗೆ ಆಗಾಗ ನೀರು ಹಾಕಬೇಕು.

ತೀರ್ಪು: ದುಬಾರಿ ಕೇಬಲ್ ಮದ್ದಲ್ಲ. ಪಿನ್ ತೆಗೆಯುವ ಸಲಹೆ ಅಪಾಯಕಾರಿ. ಯಾರಾದರೂ ಕಳಿಸಿದರೆ ಮುಂದಕ್ಕೆ ಕಳಿಸಬೇಡಿ.