ಸಮುತ್ಥಾನವ್ಯಯವೂ ನ್ಯಾಯವಾದಿಯ ಭೃತಿಯೂ

ಗಾಯಗೊಂಡವನಿಗೆ ಸಲ್ಲತಕ್ಕ ದ್ರವ್ಯವನ್ನು ಧರ್ಮಶಾಸ್ತ್ರಕಾರರು ‘ಸಮುತ್ಥಾನವ್ಯಯ’ವೆಂದು ಕರೆದಿರುವರು. ಸಮುತ್ಥಾನವೆಂದರೆ ಬಿದ್ದವನು ಮರಳಿ ಏಳುವುದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರೆಯಲ್ಲಿ, ವ್ರಣವು ಮಾಯುವುದಕ್ಕೆ ಔಷಧಕ್ಕೂ ಪಥ್ಯಕ್ಕೂ ತಗಲುವ ವೆಚ್ಚವೇ ಇದೆಂದು ಬಿಡಿಸಿರುವನು. ದಂಡವು ಅರಸನಿಗೆ, ವ್ಯಯವು ನೊಂದವನಿಗೆ. ಮುಂದಿನ ಗಳಿಕೆಯ ನಷ್ಟವು ಈ ಪದದೊಳಗೆ ಅಡಗದು.

1988ರ ಮೋಟಾರು ವಾಹನಗಳ ಅಧಿನಿಯಮದ ‘ನ್ಯಾಯಯುತ ಪರಿಹಾರ’ವಾದರೋ ವಿಶಾಲತರವಾದುದು. ಇಲ್ಲಿ ಒಂದು ಭ್ರಮೆಯುಂಟು. ಮಣಿಪಾಲದ ವೈದ್ಯನು ಬರೆದುಕೊಡುವ ಅಂಗವೈಕಲ್ಯದ ಶೇಕಡಾಂಶವೇ ಗಳಿಕೆಯ ನಷ್ಟವೆಂದು ಜನರು ಬಗೆಯುವರು. ಹಾಗಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸ್ಪಷ್ಟಪಡಿಸಿತು. ಕಾಪುವಿನಲ್ಲಿ ಬಲೆಯೆಳೆಯುವವನಿಗೂ ಕಾರ್ಕಳದಲ್ಲಿ ಲೆಕ್ಕ ಬರೆಯುವವನಿಗೂ ಒಂದೇ ಕಾಲು ಊನವಾದರೆ, ಶೇಕಡಾಂಶವು ಸಮಾನವಾದರೂ ನಷ್ಟವು ಸಮಾನವಲ್ಲ. ಉಡುಪಿಯ ನ್ಯಾಯಮಂಡಳಿಯೂ ವೃತ್ತಿಯನ್ನು ನೋಡಿಯೇ ಎಣಿಸಬೇಕು.

ಇನ್ನು ಭೃತಿಯ ಮಾತು. ಶುಕ್ರನೀತಿಯು (ಅದರ ಪ್ರಾಚೀನತೆಯು ವಿವಾದಗ್ರಸ್ತವೇ ಸರಿ) ನಿಯೋಗಿಗೆ ವ್ಯಾಜ್ಯದ ಮೊತ್ತದ ಹದಿನಾರನೆಯ ಒಂದು ಭಾಗವನ್ನು ಹೇಳಿ, ಮೊತ್ತವು ಹೆಚ್ಚಿದಂತೆ ಅಂಶವನ್ನು ತಗ್ಗಿಸುವುದು. ಇದನ್ನು ಹಿಡಿದು ‘ಗೆದ್ದರೆ ಪಾಲು’ ಎಂಬ ಕರಾರು ಶಾಸ್ತ್ರಸಮ್ಮತವೆನ್ನುವುದು ಅಸಾಧು. ಅಲ್ಲಿ ಜಯದ ನಿಬಂಧನೆಯಿಲ್ಲ. ಇಂಗ್ಲೆಂಡಿನಲ್ಲಿ 1995ರಿಂದ ಜಯಾಧೀನ ಶುಲ್ಕಕ್ಕೆ ಅವಕಾಶವುಂಟು. ಭಾರತದಲ್ಲಿ ಅದು ವೃತ್ತಿದುರ್ನಡತೆಯೆಂದು 1954ರಲ್ಲಿಯೇ ನಿರ್ಣಯವಾಯಿತು. ವಕೀಲರ ಪರಿಷತ್ತಿನ ನಿಯಮವೂ ಅದನ್ನು ನಿಷೇಧಿಸುವುದು. ಅಪಘಾತಪರಿಹಾರದಲ್ಲಿ ಶೇಕಡಾ ಪಾಲನ್ನು ಕೇಳಿದ ತೆಲಂಗಾಣದ ಪ್ರಕರಣದಲ್ಲಿ 2017ರ ತೀರ್ಪು ಇದನ್ನೇ ದೃಢಪಡಿಸಿತು.

ಆದರೂ ಬಡವನು ಮುಂಗಡವನ್ನು ಎಲ್ಲಿಂದ ತರಬೇಕು? ಪಾಲಿನ ಕರಾರು ಬೇರೂರಿದುದು ಈ ಸಂಕಟದಲ್ಲಿಯೇ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಸ್ತ್ರೀಯರಿಗೂ ಅಂಗವಿಕಲರಿಗೂ ಅಲ್ಪಾದಾಯದವರಿಗೂ ಶುಲ್ಕವಿಲ್ಲದೆ ವಕೀಲರನ್ನು ಒದಗಿಸುವುದು.