ಚಿಕ್ಕ ಜೆಟ್ ಹಾಕಿದರೆ ದೋಣಿಯ ವೇಗ ಹೆಚ್ಚುತ್ತದೆಯೇ?

"ಕಾರ್ಬ್ಯುರೇಟರ್‌ಗೆ ಚಿಕ್ಕ ಮೇನ್ ಜೆಟ್ ಹಾಕಿ, ಪೆಟ್ರೋಲ್ ಉಳಿಯುತ್ತದೆ, ದೋಣಿಯೂ ಜೋರಾಗಿ ಓಡುತ್ತದೆ" ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಇದು ಅರ್ಧಸತ್ಯ ಎನ್ನುತ್ತೇವೆ ನಾವು. ಮೊದಲೇ ಇಂಧನ ಅತಿಯಾಗಿ ಹೋಗುತ್ತಿದ್ದರೆ ಮಾತ್ರ ಇದರಿಂದ ಲಾಭ.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದರೆ ಎಂಜಿನ್ ಗರಿಷ್ಠ ಶಕ್ತಿ ಕೊಡುವುದು ಗಾಳಿ ಸುಮಾರು 12.5ರಿಂದ 13 ಗ್ರಾಂ ಇದ್ದಾಗ. ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತಾ ಒಳಗಿನ ಬಿಸಿಯನ್ನೂ ತಗ್ಗಿಸುತ್ತದೆ.

ರಸ್ತೆಯ ವಾಹನಕ್ಕೆ ಇಳಿಜಾರಿನಲ್ಲಿ ಬಿಡುವು ಸಿಗುತ್ತದೆ. ವೇಗದ ದೋಣಿಗೆ ಆ ಬಿಡುವಿಲ್ಲ. ನೀರು ಸತತವಾಗಿ ತಡೆಯುತ್ತಲೇ ಇರುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಇಂಧನ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆಯಾಗುತ್ತದೆ. ಆಗ ಪಿಸ್ಟನ್ ಜಾಮ್ ಆಗಬಹುದು, ತೂತೂ ಬೀಳಬಹುದು. ಅದೂ ದಡದಿಂದ ದೂರದಲ್ಲಿ!

ಪರೀಕ್ಷಿಸುವುದು ಹೇಗೆ? ದಡದಲ್ಲಿ ನಿಲ್ಲಿಸಿ ಎಂಜಿನ್ ರೇಸ್ ಮಾಡಿದರೆ ತಿಳಿಯದು. ನೀರಿನಲ್ಲಿ ಪೂರ್ಣ ವೇಗದಲ್ಲಿ ಓಡಿಸಿ, ಎಂಜಿನ್ ಆಫ್ ಮಾಡಿ, ತಣಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿ ಬಣ್ಣಕ್ಕಿದ್ದರೆ ಸರಿ. ಕಪ್ಪಾಗಿ ಒದ್ದೆಯಾಗಿದ್ದರೆ ಇಂಧನ ಹೆಚ್ಚು. ಬಿಳಿಚಿಕೊಂಡಿದ್ದರೆ ಇಂಧನ ಸಾಲದು: ಜೆಟ್‌ನಲ್ಲಿ ಕಸ ಕಟ್ಟಿದೆಯೇ ನೋಡಿ, ಇಲ್ಲದಿದ್ದರೆ ಒಂದು ಸೈಜ್ ದೊಡ್ಡ ಜೆಟ್ ಹಾಕಿಸಿ.

ಆ ಸಲಹೆ ನಿಮ್ಮ ಗುಂಪಿಗೆ ಬಂದರೆ, ಜೊತೆಗೆ ಇದನ್ನೂ ಕಳುಹಿಸಿ.